ಮನೆಯಲ್ಲೇ ಸ್ಥಿರ ವಿದ್ಯುತ್ ಪ್ರಯೋಗ: ಯಾವ ಅವಾಹಕ ಆರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೈಸ್ಕೂಲ್ ಮಕ್ಕಳು, ಅವರ ಮನೆಯವರು, ವಿಜ್ಞಾನ ಕಲಿಸುವ ಶಿಕ್ಷಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲೆಕ್ಟ್ರೋಸ್ಕೋಪ್ (ಚಾರ್ಜ್ ಇದೆಯೇ ಅಂತ ತೋರಿಸುವ ಉಪಕರಣ), ಎಲೆಕ್ಟ್ರೋಫೋರಸ್ (ಉಜ್ಜಿದ ಪ್ಲಾಸ್ಟಿಕ್ ಮೇಲೆ ಲೋಹದ ತಾಟು ಇಟ್ಟು ಮತ್ತೆ ಮತ್ತೆ ಚಾರ್ಜ್ ಪಡೆಯುವ ಸಾಧನ), ಪುಟ್ಟ ಲೈಡನ್ ಜಾರ್ (ಚಾರ್ಜ್ ಕೂಡಿಡುವ ಡಬ್ಬಿ) ಮಾಡಲು ಹೊರಟವರು ಲೋಹದ ಭಾಗದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಪ್ರಯೋಗ ಕೈಕೊಡುವುದು ಮಾತ್ರ ಹೆಚ್ಚಾಗಿ ಅವಾಹಕದಿಂದ, ಅಂದರೆ ಚಾರ್ಜ್ ಹರಿಯಲು ಬಿಡದ ವಸ್ತುವಿನಿಂದ. ಅದರಲ್ಲೂ ಅವಾಹಕದ ಒಳಗಿನಿಂದಲ್ಲ, ಅದರ ಮೈಮೇಲಿನಿಂದ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನ ಉತ್ತರಗಳೆಲ್ಲ ಸುಲಭವಾಗಿ ಹಿಡಿಸುತ್ತವೆ.

ಕರೆಂಟ್ ಕೆಲಸದವರು ಮರದ ಸ್ಟೂಲ್ ಮೇಲೆ ನಿಲ್ಲುತ್ತಾರೆ. ಆ ಮರ ನಮ್ಮ ಪ್ರಯೋಗಕ್ಕೆ ಯಾಕೆ ಸಾಲುವುದಿಲ್ಲ?

ಮನೆಯ 230 ವೋಲ್ಟ್ ಕರೆಂಟಿಗೂ ಉಜ್ಜಿ ಹುಟ್ಟಿಸಿದ ಚಾರ್ಜಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಣ್ಣ ತೂತಿರುವ ಕೊಡವನ್ನು ನಲ್ಲಿಯ ಕೆಳಗೆ ಇಟ್ಟರೆ ಅದು ತುಂಬಿಯೇ ಇರುತ್ತದೆ. ನಲ್ಲಿ ನಿಲ್ಲಿಸಿ ಬಿಟ್ಟರೆ ಖಾಲಿಯಾಗುತ್ತದೆ. ಮನೆಯ ವೈರಿಂಗ್‌ನಲ್ಲಿ ಸ್ವಲ್ಪ ಸೋರಿದರೂ ಹಿಂದಿನಿಂದ ಕರೆಂಟ್ ಬರುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಎಲೆಕ್ಟ್ರೋಸ್ಕೋಪಿನಲ್ಲಿ ಇರುವುದು ಒಂದು ಚಿಟಿಕೆಯಷ್ಟು ಚಾರ್ಜ್. ಹಿಂದಿನಿಂದ ತುಂಬುವವರು ಯಾರೂ ಇಲ್ಲ. ಅದರ ಜೊತೆಗೆ ವೋಲ್ಟೇಜ್ ಸಾವಿರಗಳಲ್ಲಿ ಇರುತ್ತದೆ. ವೋಲ್ಟೇಜ್ ಜಾಸ್ತಿ ಇದ್ದಷ್ಟೂ ಸೋರುವ ಒತ್ತಡವೂ ಜಾಸ್ತಿ, ಅಲ್ವಾ? ಮರದ ಒಳಗಿರುವ ಅಲ್ಪಸ್ವಲ್ಪ ತೇವವೇ ಆ ಚಾರ್ಜ್ ನೆಲಕ್ಕೆ ಇಳಿಯಲು ಸಾಕು.

ಹಾಗಾದರೆ ಎಷ್ಟು ಓಮ್ ಇದ್ದರೆ "ಒಳ್ಳೆಯ ಅವಾಹಕ" ಅನ್ನಬಹುದು?

ಲೆಕ್ಕ ಸುಲಭ. ಒಂದು ವಸ್ತುವಿನ ಒಳಗಿಂದ ಚಾರ್ಜ್ ಸೋರಿಹೋಗಲು ಹಿಡಿಯುವ ಸಮಯ ಎರಡು ಸಂಗತಿಗಳ ಗುಣಲಬ್ಧ: ಅದರ ರೋಧಶೀಲತೆ (ಕರೆಂಟ್ ಹರಿಯದಂತೆ ತಡೆಯುವ ಗುಣ) ಮತ್ತು ಅದರ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರದಲ್ಲಿ ಚಾರ್ಜ್ ಹಿಡಿದಿಡಲು ನೆರವಾಗುವ ಗುಣ). ಸಾಮಾನ್ಯ ಪ್ಲಾಸ್ಟಿಕ್ಕಿನ ಪರ್ಮಿಟಿವಿಟಿ ನಿರ್ವಾತಕ್ಕಿಂತ ಎರಡು–ಮೂರು ಪಟ್ಟು ಇರುತ್ತದೆ. ಮೂರು ಪಟ್ಟು ಅಂತ ಹಿಡಿಯೋಣ. ರೋಧಶೀಲತೆ 1ರ ಮುಂದೆ 10 ಸೊನ್ನೆ ಓಮ್-ಮೀಟರ್ ಇದ್ದರೆ ಚಾರ್ಜ್ ಕಾಲು ಸೆಕೆಂಡಿನಲ್ಲಿ ಮಾಯ. 12 ಸೊನ್ನೆ ಇದ್ದರೆ ಸುಮಾರು 27 ಸೆಕೆಂಡ್. 14 ಸೊನ್ನೆ ಇದ್ದರೆ ಸುಮಾರು 44 ನಿಮಿಷ.

ನೋಡಿ, ಮೊದಲನೆಯದೂ ಅವಾಹಕವೇ. ಪುಸ್ತಕದಲ್ಲಿ ಅದನ್ನು ಅವಾಹಕದ ಸಾಲಿನಲ್ಲೇ ಬರೆದಿರುತ್ತಾರೆ. ಆದರೆ ನಮ್ಮ ಕೆಲಸಕ್ಕೆ ಅದು ತಂತಿ ಇದ್ದ ಹಾಗೆಯೇ. ಪಾಲಿಥೀನ್, ಪಾಲಿಸ್ಟೈರೀನ್ ಅಂದರೆ ನಮ್ಮ ಥರ್ಮೋಕೋಲ್, ಟೆಫ್ಲಾನ್, ಮೇಣ – ಇವು 14 ಸೊನ್ನೆಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ನಿಲ್ಲುತ್ತವೆ. ಟೆಫ್ಲಾನ್ ಎಲ್ಲರಿಗಿಂತ ಮುಂದೆ.

ಮಲ್ಟಿಮೀಟರ್ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲವೇ?

ಇಲ್ಲ. ಸಾಮಾನ್ಯ ಮಲ್ಟಿಮೀಟರ್ 20 ಅಥವಾ 200 ಮೆಗಾಓಮ್‌ವರೆಗೆ ಅಳೆಯುತ್ತದೆ. ಅದರ ಮೇಲೆ ಎಲ್ಲದಕ್ಕೂ ಒಂದೇ ಉತ್ತರ ತೋರಿಸುತ್ತದೆ. ಮನೆಯಲ್ಲಿ ಮಾಡಿದ ಎಲೆಕ್ಟ್ರೋಸ್ಕೋಪಿನ ಧಾರಕತೆ, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಸುಮಾರು 10 ಪಿಕೋಫ್ಯಾರಡ್ ಇರುತ್ತದೆ. 200 ಮೆಗಾಓಮ್ ದಾರಿ ಸಿಕ್ಕರೆ ಅದರ ಚಾರ್ಜ್ ಸೆಕೆಂಡಿನ 500ನೇ ಒಂದು ಭಾಗದಲ್ಲಿ ಹೋಗಿಬಿಡುತ್ತದೆ. ಅದು ಹತ್ತು ಸೆಕೆಂಡಾದರೂ ನಿಲ್ಲಬೇಕಾದರೆ 1 ಲಕ್ಷ ಕೋಟಿ ಓಮ್ ಬೇಕು. ವೈರಿಂಗ್‌ನ ಸೋರಿಕೆ ನೋಡಲು ಎಲೆಕ್ಟ್ರಿಷಿಯನ್ ಬಳಿ ಇರುವ ಮೆಗ್ಗರ್ ಅನ್ನುವ ಮೀಟರ್ ಕೂಡ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಇದಕ್ಕೆ ಸರಿಯಾದ ಮೀಟರ್ ನಿಮ್ಮ ಎಲೆಕ್ಟ್ರೋಸ್ಕೋಪೇ.

ಎಲೆಕ್ಟ್ರೋಸ್ಕೋಪಿನಿಂದ ಪರೀಕ್ಷೆ ಮಾಡುವುದು ಹೇಗೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಮೊದಲು ಎಲೆಕ್ಟ್ರೋಸ್ಕೋಪನ್ನೇ ನಂಬುವ ಹಾಗೆ ಮಾಡಿಕೊಳ್ಳಿ. ಒಂದು ಡಬ್ಬಿ, ಅದರ ಮುಚ್ಚಳದ ಮೂಲಕ ಒಂದು ತಂತಿ, ತಂತಿಯ ಕೆಳಗೆ ಎರಡು ತೆಳ್ಳನೆ ಅಲ್ಯೂಮಿನಿಯಂ ಫಾಯಿಲ್ ಎಲೆ. ತಂತಿ ಮುಚ್ಚಳವನ್ನು ದಾಟುವ ಜಾಗವೇ ಇದರ ಜೀವ. ಅಲ್ಲಿ ರಟ್ಟು, ಬೂಚು, ಮರ ಇಡಬೇಡಿ. ಖಾಲಿ ಬಾಲ್ ಪೆನ್ನಿನ ಪಾರದರ್ಶಕ ಕೊಳವೆಯ ತುಂಡಿನೊಳಗೆ ತಂತಿ ತೂರಿಸಿ, ಎರಡೂ ತುದಿಗೆ ಮೇಣದ ಬತ್ತಿಯ ಮೇಣ ಕರಗಿಸಿ ತುಂಬಿ. ಈಗ ಚಾರ್ಜ್ ಕೊಟ್ಟು ಸುಮ್ನೆ ಬಿಡಿ. ಒಣ ದಿನದಲ್ಲಿ ಎಲೆಗಳು ಹಲವು ನಿಮಿಷ ತೆರೆದೇ ಇರಬೇಕು. ಒಂದು ನಿಮಿಷದಲ್ಲೇ ಮುಚ್ಚಿಕೊಂಡರೆ ಆ ಕೊಳವೆಯನ್ನೇ ಮೊದಲು ಸರಿ ಮಾಡಿ. ಸೋರುವ ಮೀಟರ್ ಇಟ್ಟುಕೊಂಡು ಬೇರೆ ವಸ್ತುವಿನ ಸೋರಿಕೆ ಅಳೆಯಲು ಆಗುವುದಿಲ್ಲ.

ಇನ್ನು ಪರೀಕ್ಷೆ. ಎಲೆಕ್ಟ್ರೋಸ್ಕೋಪಿಗೆ ಚಾರ್ಜ್ ಕೊಡಿ. ಪರೀಕ್ಷಿಸಬೇಕಾದ ವಸ್ತುವಿನ ಒಂದು ತುದಿ ಕೈಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಮೇಲಿನ ತಂತಿಗೆ ಮುಟ್ಟಿಸಿ. ಎಲೆಗಳು ತಟ್ಟನೆ ಬಿದ್ದರೆ ಅದು ನಮಗೆ ವಾಹಕ. ನಿಧಾನವಾಗಿ ಕೆಲವು ಸೆಕೆಂಡಿನಲ್ಲಿ ಇಳಿದರೆ ಅರೆಬರೆ. ಅಲುಗಾಡದೆ ನಿಂತರೆ ಅದನ್ನು ಆರಿಸಿಕೊಳ್ಳಿ. ಹಿಡಿದ ಜಾಗಕ್ಕೂ ಮುಟ್ಟಿಸಿದ ಜಾಗಕ್ಕೂ ಪ್ರತಿ ಸಲ ಒಂದೇ ಅಂತರ ಇರಲಿ, 10 ಸೆಂ.ಮೀ. ಅಂತ ಇಟ್ಟುಕೊಳ್ಳಿ.

ಒಂದು ಮಾತು ಗಮನದಲ್ಲಿರಲಿ. ಪ್ಲಾಸ್ಟಿಕ್ ತುಂಡಿನಲ್ಲಿ ಮೊದಲೇ ಚಾರ್ಜ್ ಇದ್ದರೆ ಎಲೆಗಳು ಅದಕ್ಕೂ ಕುಣಿಯುತ್ತವೆ, ನಿಮಗೆ ತಪ್ಪು ಉತ್ತರ ಸಿಗುತ್ತದೆ. ಪರೀಕ್ಷೆಗೆ ಮುಂಚೆ ತುಂಡಿನ ಮೇಲೆಲ್ಲ ಬಾಯಿಯಿಂದ ಬಿಸಿ ಉಸಿರು ಬಿಟ್ಟು, ಕೆಲವು ನಿಮಿಷ ಆರಲು ಬಿಡಿ. ಹಳೆಯ ಚಾರ್ಜ್ ಹೋಗಿರುತ್ತದೆ. ಪಕ್ಕಕ್ಕೆ ಹಿಡಿದಾಗ ಎಲೆ ಅಲುಗದಿದ್ದರೆ ಮಾತ್ರ ಮುಟ್ಟಿಸಿ.

ಒಂದೇ ವಸ್ತು ಎಲ್ಲ ಕಡೆಗೂ ಆಗುತ್ತದೆಯೇ?

ಅವಾಹಕಕ್ಕೆ ಈ ಪ್ರಯೋಗಗಳಲ್ಲಿ ಮೂರು ಬೇರೆ ಬೇರೆ ಕೆಲಸ ಇವೆ. ಒಂದು, ಉಜ್ಜಿಸಿಕೊಂಡು ಚಾರ್ಜ್ ಹುಟ್ಟಿಸುವುದು. ಎರಡು, ಚಾರ್ಜ್ ಇರುವ ಲೋಹವನ್ನು ನೆಲಕ್ಕೆ ಸೋರದಂತೆ ಎತ್ತಿ ಹಿಡಿಯುವುದು. ಮೂರು, ಎರಡು ಲೋಹದ ಹಾಳೆಗಳ ನಡುವೆ ನಿಂತು ಕಿಡಿ ಹಾರದಂತೆ ತಡೆಯುವುದು. ಮೊದಲನೆಯದಕ್ಕೆ ಜೋಡಿ ಮುಖ್ಯ. ಎರಡನೆಯದಕ್ಕೆ ಮೈ ಒಣಗಿರುವುದು ಮುಖ್ಯ. ಮೂರನೆಯದಕ್ಕೆ ದಪ್ಪ ಮತ್ತು ತೂತಿಲ್ಲದಿರುವುದು ಮುಖ್ಯ. "ಯಾವ ಪ್ಲಾಸ್ಟಿಕ್ ಬೆಸ್ಟ್?" ಅಂತ ಕೇಳುವ ಮುಂಚೆ "ಯಾವ ಕೆಲಸಕ್ಕೆ?" ಅಂತ ಕೇಳಿಕೊಳ್ಳಿ.

ಉಜ್ಜಲು ಯಾವ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ?

ನಮ್ಮ ಕಡೆ ಸುಲಭವಾಗಿ ಸಿಗುವುದು ಕಂಬಳಿ. ಕುರಿ ಉಣ್ಣೆಯ ಹಳೆಯ ಕಂಬಳಿ ತುಂಡಿನಿಂದ ಪಿ.ವಿ.ಸಿ. ಪೈಪನ್ನು ಉಜ್ಜಿದರೆ ಪೈಪ್ ಋಣ ಚಾರ್ಜ್ ತೆಗೆದುಕೊಳ್ಳುತ್ತದೆ. ಥರ್ಮೋಕೋಲ್ ಹಾಳೆಗೂ ಅದೇ ಕಂಬಳಿ ಆಗುತ್ತದೆ. ಧನ ಚಾರ್ಜ್ ಬೇಕಾದರೆ ಗಾಜಿನ ಕೊಳವೆಗೆ ರೇಷ್ಮೆ ಬಟ್ಟೆ. ಗಾಜು ಸಿಗದಿದ್ದರೆ ಅಕ್ರಿಲಿಕ್ ಪಟ್ಟಿಯನ್ನು ಪಾಲಿಥೀನ್ ಚೀಲದಿಂದ ಉಜ್ಜಿ ನೋಡಿ. ರೇಷ್ಮೆ ಅಂತ ಕಾಣುವ ಸೀರೆ ಸೆರಗೆಲ್ಲ ರೇಷ್ಮೆ ಅಲ್ಲ. ಕೃತಕ ರೇಷ್ಮೆ ತೇವ ಹೀರಿಕೊಳ್ಳುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಬಟ್ಟೆಯನ್ನು ಮೆತ್ತಗಾಗಲು ಹಾಕುವ ದ್ರವದಲ್ಲಿ ಅದ್ದಿದ್ದರೆ ಅದರಿಂದ ಚಾರ್ಜ್ ಹುಟ್ಟುವುದು ಕಷ್ಟ. ಆ ದ್ರವ ಇರುವುದೇ ಬಟ್ಟೆ ಚಟಪಟ ಅನ್ನದ ಹಾಗೆ ಮಾಡಲು. ಎಣ್ಣೆ ಹಚ್ಚಿದ ತಲೆಗೂದಲಿಗೆ ಬಾಚಣಿಗೆ ಉಜ್ಜಿದರೂ ಇದೇ ಕಥೆ. ಪುಸ್ತಕದಲ್ಲಿರುವ "ಒಣ ಕೂದಲು" ಅನ್ನುವ ಮಾತನ್ನು ಮಕ್ಕಳು ಗಮನಿಸುವುದಿಲ್ಲ.

ಯಾವುದು ಧನ, ಯಾವುದು ಋಣ ಅನ್ನುವ ಪಟ್ಟಿಗಳು ಪುಸ್ತಕದಿಂದ ಪುಸ್ತಕಕ್ಕೆ ಸ್ವಲ್ಪ ಬದಲಾಗುತ್ತವೆ. ಮೈಮೇಲಿನ ಕೊಳೆ, ತೇವ, ತಯಾರಿಕೆಯಲ್ಲಿ ಸೇರಿಸಿದ ಪುಡಿ ಎಲ್ಲ ಸೇರಿ ಜಾಗ ಅದಲುಬದಲು ಮಾಡುತ್ತವೆ. ನೀವೇ ಉಜ್ಜಿ, ಗೊತ್ತಿರುವ ಒಂದು ಚಾರ್ಜಿನ ಎದುರು ಹಿಡಿದು, ದೂರ ತಳ್ಳುತ್ತದೆಯೋ ಇಲ್ಲವೋ ನೋಡಿ ತೀರ್ಮಾನಿಸಿ.

ಲೋಹವನ್ನು ಎತ್ತಿ ಹಿಡಿಯುವ ಕಂಬ, ಹಿಡಿಕೆಗೆ ಅಂಗಡಿಯಲ್ಲಿ ಏನು ಕೇಳಬೇಕು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯಾಗಲಿ, ಬೀದರಿನ ಚೌಬಾರದ ಕಡೆಯಾಗಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತುಗಳಲ್ಲೇ ಇದು ಮುಗಿಯುತ್ತದೆ.

ವೈರಿಂಗ್‌ಗೆ ಬಳಸುವ ಬಿಳಿ ಪಿ.ವಿ.ಸಿ. ಪೈಪ್ ಮೊದಲ ಆಯ್ಕೆ. ಅಗ್ಗ, ಗಟ್ಟಿ, ನೆಟ್ಟಗೆ ನಿಲ್ಲುತ್ತದೆ. ಪಿ.ವಿ.ಸಿ.ಗೆ ಸುಣ್ಣದ ಕಲ್ಲಿನ ಪುಡಿ ಬೆರೆಸಿರುತ್ತಾರೆ, ಒಂದೊಂದು ತಯಾರಿಕೆಯಲ್ಲಿ ಒಂದೊಂದು ಪ್ರಮಾಣ. ಆದ್ದರಿಂದ ಪೂರಾ ಉದ್ದ ಕೊಳ್ಳುವ ಮುಂಚೆ ಒಂದು ತುಂಡು ತಂದು ಪರೀಕ್ಷಿಸಿ. ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆಯ ಕತ್ತರಿಸಿ ಉಳಿದ ಚೂರುಗಳು ಸಿಗುತ್ತವೆ. ಕೇಳಿದರೆ ಸುಮ್ನೆ ಕೊಟ್ಟುಬಿಡುತ್ತಾರೆ. ನೋಡಲು ಚೆಂದ, ಕೆಲಸಕ್ಕೂ ಚೆಂದ.

ಥರ್ಮೋಕೋಲ್ ನನಗೆ ಬಹಳ ಇಷ್ಟದ ವಸ್ತು. ಅದರಲ್ಲಿ ಹೆಚ್ಚಿನ ಭಾಗ ಗಾಳಿಯೇ. ಒಣ ಗಾಳಿ ಒಳ್ಳೆಯ ಅವಾಹಕ. 2022ರ ಜುಲೈಯಿಂದ ಅಲಂಕಾರದ ಥರ್ಮೋಕೋಲ್, ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ಸ್ಟ್ರಾ ಇವಕ್ಕೆ ನಿಷೇಧ ಇದೆ. ಹೊಸದು ಹುಡುಕಬೇಡಿ. ಟಿ.ವಿ., ಫ್ರಿಜ್ ಡಬ್ಬದೊಳಗೆ ಬಂದ ಥರ್ಮೋಕೋಲ್ ಯಾವುದಾದರೂ ಮನೆಯಲ್ಲಿ ಬಿದ್ದಿರುತ್ತದೆ, ಅದೇ ಸಾಕು.

ನಲ್ಲಿ ಜೋಡಿಸುವವರು ಸುತ್ತುವ ಬಿಳಿ ಟೆಫ್ಲಾನ್ ಟೇಪ್ ನೆನಪಿಡಿ. ಸೋರುವ ಕಂಬಕ್ಕೆ ಅದನ್ನು ಸುಮ್ನೆ ಸುತ್ತಿದರೆ ಲಾಭವಿಲ್ಲ, ಒಳಗಿನ ದಾರಿ ಹಾಗೆಯೇ ಉಳಿಯುತ್ತದೆ. ಲೋಹಕ್ಕೂ ಕಂಬಕ್ಕೂ ನಡುವೆ ನಾಲ್ಕೈದು ಸುತ್ತು ಬಂದರೆ ಒಳ್ಳೆಯ ಗೋಡೆ ಆಗುತ್ತದೆ.

ಕಂಬ ಎಷ್ಟು ಉದ್ದ ಇರಬೇಕು?

ಒಣ ಗಾಳಿಯಲ್ಲಿ 1 ಮಿ.ಮೀ. ಕಿಡಿಗೆ ಸುಮಾರು 3,000 ವೋಲ್ಟ್ ಬೇಕು. ಆದರೆ ಅವಾಹಕದ ಮೈಮೇಲೆ ಹರಿದು ಹೋಗುವ ಕಿಡಿಗೆ ಅಷ್ಟು ಬೇಕಾಗಿಲ್ಲ, ಅದರಲ್ಲೂ ಧೂಳು ಕೂತಿದ್ದರೆ. 10,000 ವೋಲ್ಟಿಗೆ ಕನಿಷ್ಠ 3–4 ಸೆಂ.ಮೀ. ಮೈ ಅಂತರ ಇಟ್ಟುಕೊಳ್ಳಿ. ಉದ್ದ, ಸಣಕಲು ಕಂಬ ಗಿಡ್ಡ, ದಪ್ಪ ಕಂಬಕ್ಕಿಂತ ಕಡಿಮೆ ಸೋರುತ್ತದೆ.

ಗಾಜು ಒಳ್ಳೆಯ ಅವಾಹಕ ಅಂತ ಪುಸ್ತಕದಲ್ಲಿದೆ. ನಮ್ಮಲ್ಲಿ ಯಾಕೆ ಸೋರುತ್ತದೆ?

ಗಾಜಿನ ಒಳಗು ಚೆನ್ನಾಗಿಯೇ ಇದೆ. ಅದರ ಮೈಗೆ ನೀರು ಅಂದರೆ ಪ್ರೀತಿ. ಗಾಳಿಯಲ್ಲಿ ತೇವ ಏರಿದ ತಕ್ಷಣ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರಿನ ಪದರ ಅದರ ಮೇಲೆ ಹರಡಿಕೊಳ್ಳುತ್ತದೆ. ಸಾಮಾನ್ಯ ಬಾಟಲಿ ಗಾಜಿನಲ್ಲಿ ಸೋಡಿಯಂ ಇರುತ್ತದೆ. ಅದು ಆ ನೀರಿಗೆ ಸೇರಿದರೆ ಚಾರ್ಜಿಗೆ ರಸ್ತೆ ಹಾಕಿಕೊಟ್ಟ ಹಾಗೆಯೇ. ಪಾಲಿಥೀನ್, ಟೆಫ್ಲಾನ್, ಮೇಣದ ಮೈ ಇದಕ್ಕೆ ಉಲ್ಟಾ. ನೀರು ಅಲ್ಲಿ ಹನಿಯಾಗಿ ನಿಲ್ಲುತ್ತದೆ, ಪದರವಾಗಿ ಹರಡುವುದಿಲ್ಲ.

ಗಾಜೇ ಬೇಕು ಅನ್ನುವವರಿಗೆ ದಾರಿ ಇದೆ. ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಕಾಯಿಸಿ, ಬೆಚ್ಚಗಿರುವಾಗಲೇ ಬಳಸಿ. ಇಲ್ಲದಿದ್ದರೆ ಬಾಟಲಿಯ ಕತ್ತಿನ ಭಾಗಕ್ಕೆ ಅರಗಿನ ಪಾಲಿಶ್ ಬಳಿಯಿರಿ. ಹಳೆಯ ಕಾಲದ ಉಪಕರಣಗಳ ಗಾಜಿಗೆ ಹೀಗೆಯೇ ಬಳಿಯುತ್ತಿದ್ದರು. ಪೀಠೋಪಕರಣಕ್ಕೆ ಪಾಲಿಶ್ ಮಾಡುವವರ ಬಳಿ ಅದು ಇರುತ್ತದೆ.

ಬಿದಿರು ಕಡ್ಡಿ, ಹತ್ತಿ ದಾರ, ಜೋಳದ ಕಣಿಕೆ – ಇವು ಆಗುವುದಿಲ್ಲವೇ?

ಹಿಡಿಕೆಗೆ, ತೂಗು ಹಾಕಲು ಇವು ಆಗುವುದಿಲ್ಲ. ಇವೆಲ್ಲ ಗಿಡದ ನಾರು. ನಾರು ಗಾಳಿಯ ತೇವ ಹೀರಿ ಇಟ್ಟುಕೊಳ್ಳುತ್ತದೆ.

ಇದನ್ನು ಕಂಡುಕೊಂಡ ಕಥೆಯೇ ಚೆನ್ನಾಗಿದೆ. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಒಂದು ಉದ್ದ ಸೆಣಬಿನ ಹುರಿಯ ಮೂಲಕ ವಿದ್ಯುತ್ತನ್ನು ದೂರಕ್ಕೆ ಸಾಗಿಸುತ್ತಿದ್ದರು. ಹುರಿಯನ್ನು ರೇಷ್ಮೆ ದಾರಗಳ ಮೇಲೆ ತೂಗು ಹಾಕಿದ್ದರು. ರೇಷ್ಮೆ ಸಣ್ಣ ಇದೆ, ಅದಕ್ಕೇ ಸೋರುತ್ತಿಲ್ಲ ಅಂತ ಅವರ ಎಣಿಕೆ. ಭಾರಕ್ಕೆ ರೇಷ್ಮೆ ಕಿತ್ತುಹೋಯಿತು. ಅದರ ಬದಲು ಹಿತ್ತಾಳೆ ತಂತಿ ಕಟ್ಟಿದರು. ವಿದ್ಯುತ್ ಆಚೆ ತುದಿಗೆ ತಲುಪಲೇ ಇಲ್ಲ. ದಾರ ಎಷ್ಟು ಸಣ್ಣ ಅನ್ನುವುದಲ್ಲ, ಅದು ಯಾವುದರಿಂದ ಆಗಿದೆ ಅನ್ನುವುದು ಮುಖ್ಯ ಅಂತ ಆಗ ಗೊತ್ತಾಯಿತು. ನಮಗೆ ಇನ್ನೊಂದು ಪಾಠವೂ ಇದರಲ್ಲಿದೆ: ಸೆಣಬಿನ ಹುರಿ ಅಲ್ಲಿ ಅವಾಹಕ ಆಗಿರಲಿಲ್ಲ, ತಂತಿಯ ಕೆಲಸ ಮಾಡುತ್ತಿತ್ತು!

ಹಾಗಂತ ಕಣಿಕೆ ಬಿಸಾಡಬೇಡಿ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬಿಳಿ ಬೆಂಡು ಇರುತ್ತದೆ, ಬಹಳ ಹಗುರ. ಅದನ್ನು ಕಡಲೆ ಗಾತ್ರಕ್ಕೆ ಉರುಟಾಗಿ ಕತ್ತರಿಸಿ, ಮೇಲೆ ಪೆನ್ಸಿಲ್ ಸೀಸದ ಪುಡಿ ಸವರಿದರೆ ತೂಗು ಹಾಕುವ ಗುಂಡು ತಯಾರು. ಪುಸ್ತಕದಲ್ಲಿ ಬರುವ ಬೆಂಡಿನ ಗುಂಡಿನ ಪ್ರಯೋಗಕ್ಕೆ ನಮ್ಮ ಹೊಲದಲ್ಲೇ ಸಾಮಾನು ಇದೆ. ಗುಂಡು ಸ್ವಲ್ಪ ವಾಹಕ ಆಗಿದ್ದರೇ ಒಳ್ಳೆಯದು, ದಾರ ಮಾತ್ರ ಆಗಬಾರದು.

ದಾರ ಯಾವುದು ಇರಲಿ? ರೇಷ್ಮೆಯೋ ನೈಲಾನೋ?

ಬೇಸಿಗೆಯಲ್ಲಿ ಎರಡೂ ಸರಿ. ಮಳೆಗಾಲದಲ್ಲಿ ಎರಡೂ ತೇವ ಹಿಡಿಯುತ್ತವೆ. ಬಟ್ಟೆ ಹೊಲಿಯುವ ಪಾಲಿಯೆಸ್ಟರ್ ದಾರ ಎಲ್ಲ ಕಾಲಕ್ಕೂ ನಂಬಬಹುದಾದದ್ದು. ದಾರಕ್ಕೆ ಕೈ ಬೆವರು ತಾಗದಿರಲಿ.

ಕಪ್ಪು ರಬ್ಬರ್, ಸೈಕಲ್ ಟ್ಯೂಬ್, ಹೊಲದ ಕಪ್ಪು ಪೈಪ್ ಬಳಸಬಹುದೇ?

ರಬ್ಬರಿನ ಕಪ್ಪು ಬಣ್ಣ ಬರುವುದು ಇಂಗಾಲದ ಪುಡಿಯಿಂದ. ಟೈರ್, ಟ್ಯೂಬಿನಲ್ಲಿ ಅದು ಬೇಕಾದಷ್ಟು ಇರುತ್ತದೆ, ಚಾರ್ಜ್ ಅದರ ಮೂಲಕ ಇಳಿದುಹೋಗುತ್ತದೆ. ಬೇಡ. ಹನಿ ನೀರಾವರಿಯ ಕಪ್ಪು ಪಾಲಿಥೀನ್ ಪೈಪಿನಲ್ಲೂ ಇಂಗಾಲ ಇದೆ, ಬಿಸಿಲಿಗೆ ಹಾಳಾಗದಿರಲಿ ಅಂತ ಹಾಕಿದ್ದು. ಆದರೆ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ. ಅದು ಹೆಚ್ಚಾಗಿ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಎಲೆಕ್ಟ್ರಾನಿಕ್ ಸಾಮಾನಿನ ಜೊತೆ ಬರುವ ಗುಲಾಬಿ ಅಥವಾ ಕಪ್ಪು ಫೋಮ್, ಚೀಲಗಳನ್ನು ಮುಟ್ಟಲೇಬೇಡಿ. ಅವನ್ನು ಮಾಡಿರುವುದೇ ಚಾರ್ಜ್ ನಿಲ್ಲದ ಹಾಗೆ.

ಏಪ್ರಿಲ್ ತಿಂಗಳು, ಹೊರಗೆ 42 ಡಿಗ್ರಿ, ಗಾಳಿ ಒಣಗಿದೆ. ಆದರೂ ಮನೆಯೊಳಗೆ ಕಿಡಿ ಬರುತ್ತಿಲ್ಲ. ಯಾಕೆ?

ಕೂಲರ್ ಹಾಕಿದ್ದೀರಾ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಇದೇ ಉತ್ತರ. ಕೂಲರ್ ತಂಪು ಮಾಡುವುದೇ ನೀರನ್ನು ಆವಿ ಮಾಡಿ ಕೋಣೆಗೆ ತುಂಬಿ. ಹೊರಗೆ ಸ್ಥಿರ ವಿದ್ಯುತ್ತಿಗೆ ಹೇಳಿ ಮಾಡಿಸಿದ ಹವೆ ಇದ್ದರೂ ಕೋಣೆಯೊಳಗೆ ಮಳೆಗಾಲ ಇರುತ್ತದೆ. ಪ್ರಯೋಗಕ್ಕೆ ಒಂದು ಗಂಟೆ ಮುಂಚೆ ಕೂಲರ್ ನಿಲ್ಲಿಸಿ, ಕಿಟಕಿ ತೆರೆಯಿರಿ. ಅಥವಾ ಕೂಲರ್ ಇಲ್ಲದ ಕೋಣೆಗೆ ಹೋಗಿ. ಎ.ಸಿ. ಇದ್ದರೆ ಆ ತೊಂದರೆ ಇಲ್ಲ, ಅದು ಗಾಳಿಯ ತೇವ ತೆಗೆಯುತ್ತದೆ. ಅಂಗಳಕ್ಕೆ, ಮಾಳಿಗೆಗೆ ನೀರು ಚಿಮುಕಿಸಿದ ಹೊತ್ತಿನಲ್ಲೂ ಮಾಡಬೇಡಿ.

ಇನ್ನೊಂದು ಬೆವರು. ಬೆವರೆಂದರೆ ಉಪ್ಪು ನೀರು. ಹಿಡಿಕೆಯ ಮೇಲೆ ಒಂದು ಸಲ ಬೆವರಿನ ಕೈ ಓಡಾಡಿದರೆ ಅದು ಒಣಗಿದ ಮೇಲೂ ಉಪ್ಪು ಉಳಿಯುತ್ತದೆ, ಸಂಜೆಯ ತೇವಕ್ಕೆ ಮತ್ತೆ ಸೋರುತ್ತದೆ. ಹಿಡಿಕೆಯ ಒಂದೇ ತುದಿ ಹಿಡಿಯುವ ಅಭ್ಯಾಸ ಮಕ್ಕಳಿಗೆ ಮೊದಲ ದಿನದಿಂದಲೇ ಮಾಡಿಸಿ.

ಮಳೆಗಾಲದಲ್ಲಿ ವಿಜ್ಞಾನ ಪ್ರದರ್ಶನ ಇದೆ. ಏನು ಮಾಡೋಣ?

ಗಾಜು, ಮರ, ನೈಲಾನ್ ಎಲ್ಲ ಬಿಟ್ಟು ಥರ್ಮೋಕೋಲ್, ಪಾಲಿಥೀನ್, ಟೆಫ್ಲಾನ್, ಮೇಣ ಇಷ್ಟಕ್ಕೇ ನಿಲ್ಲಿ. ಹೇರ್ ಡ್ರೈಯರ್‌ನಿಂದ ಹಿಡಿಕೆ, ಬಟ್ಟೆ, ಕಂಬ ಎಲ್ಲವನ್ನೂ ಬೆಚ್ಚಗೆ ಮಾಡಿ. ಸುಡುವಷ್ಟು ಬೇಡ, ಕೈಗೆ ಹಿತವಾಗಿರುವಷ್ಟು. ವಸ್ತು ಸುತ್ತಲಿನ ಗಾಳಿಗಿಂತ ಬೆಚ್ಚಗಿದ್ದರೆ ಅದರ ಮೇಲೆ ತೇವ ಕೂರುವುದು ಕಷ್ಟ. ಕಂಬಳಿಯನ್ನೂ ಬಿಸಿ ಮಾಡಿ, ಅದನ್ನು ಬಹಳ ಜನ ಮರೆಯುತ್ತಾರೆ. ಜನ ತುಂಬಿದ ಕೋಣೆಯಲ್ಲಿ ಉಸಿರಿನಿಂದಲೇ ತೇವ ಏರುತ್ತದೆ, ಆದ್ದರಿಂದ ಬಾಗಿಲ ಬಳಿಯ ಮೇಜು ಕೇಳಿ ತೆಗೆದುಕೊಳ್ಳಿ. ದಿನ ಆರಿಸುವ ಅವಕಾಶ ಇದ್ದರೆ ನವೆಂಬರಿನಿಂದ ಫೆಬ್ರುವರಿವರೆಗಿನ ಮಧ್ಯಾಹ್ನಗಳು ಬಹಳ ಒಳ್ಳೆಯವು. ಯಾದಗಿರಿ ಜಿಲ್ಲೆಯ ಕಾಲುವೆ ನೀರಿನ ಭತ್ತದ ಗದ್ದೆಗಳ ಪಕ್ಕದ ಊರುಗಳಲ್ಲಿ ಬೆಳಗ್ಗೆ ತೇವ ಜಾಸ್ತಿ, ಬಿಸಿಲೇರುವವರೆಗೆ ಕಾಯಿರಿ.

ಪೈಪನ್ನು ಸೋಪು ಹಾಕಿ ತೊಳೆದ ಮೇಲೆ ಇನ್ನೂ ಜಾಸ್ತಿ ಸೋರುತ್ತಿದೆ!

ಬೋರ್‌ವೆಲ್ ನೀರಿನಲ್ಲಿ ತೊಳೆದಿರಬೇಕು. ನಮ್ಮಲ್ಲಿ ಬಹಳ ಕಡೆ ಅದು ಗಡಸು ನೀರು. ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದಲ್ಲ, ಅದೇ ಲವಣ. ಸೋಪಿನ ಅಂಶವೂ ಉಳಿದಿರುತ್ತದೆ. ಸೋಪು, ನೀರು ಹಾಕಿ ತೊಳೆಯಿರಿ, ಆದರೆ ಕೊನೆಯ ಎರಡು ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ. ಅದು ಸಿಗದಿದ್ದರೆ ಆರ್.ಓ. ನೀರು. ಬಟ್ಟೆಯಿಂದ ಒರೆಸಬೇಡಿ, ನೇತು ಹಾಕಿ ಒಣಗಲು ಬಿಡಿ.

ಧೂಳೂ ಹೀಗೆಯೇ. ಚಾರ್ಜ್ ಇರುವ ಪ್ಲಾಸ್ಟಿಕ್ ಸುತ್ತಲಿನ ಧೂಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಟ್ಟಿನ ಪುಡಿ, ಸೇಡಂ, ವಾಡಿ ಕಡೆ ಸಿಮೆಂಟ್ ಪುಡಿ. ಈ ಪುಡಿ ತೇವ ಹಿಡಿದರೆ ಒಳ್ಳೆಯ ಅವಾಹಕವೂ ಕೆಟ್ಟದಾಗುತ್ತದೆ. ಬಳಸದಿರುವಾಗ ಮುಚ್ಚಿಡಿ.

ಅಂಟಿಸಲು ಫೆವಿಕಾಲ್ ಸಾಕೇ?

ಲೋಹಕ್ಕೂ ನೆಲಕ್ಕೂ ನಡುವೆ ಸೇತುವೆ ಆಗುವ ಜಾಗದಲ್ಲಿ ಬೇಡ. ಅದು ನೀರಿನಲ್ಲಿ ಕಲಸಿದ ಅಂಟು, ಒಣಗಿದ ಮೇಲೂ ತೇವ ಹಿಡಿಯುತ್ತದೆ. ಎರಡು ಟ್ಯೂಬ್ ಬೆರೆಸುವ ಅರಾಲ್ಡೈಟ್ ಅಥವಾ ಗ್ಲೂ ಗನ್ನಿನ ಬಿಸಿ ಅಂಟು ಒಳ್ಳೆಯದು. ಸೆಲ್ಲೋ ಟೇಪ್ ಸರಿ, ಕಾಗದದ ಟೇಪ್ ಬೇಡ. ಬಾಟಲಿಯ ಮೇಲಿನ ಕಾಗದದ ಲೇಬಲ್ ಕೂಡ ಸೋರುವ ದಾರಿಯೇ, ಕಿತ್ತು ತೆಗೆಯಿರಿ.

ಅವಾಹಕ ಪರೀಕ್ಷೆಯಲ್ಲಿ ಪಾಸಾಗಿದೆ. ಆದರೂ ಚಾರ್ಜ್ ನಿಲ್ಲುತ್ತಿಲ್ಲ.

ಆಗ ಲೋಹದ ಕಡೆ ನೋಡಿ. ಫಾಯಿಲ್ಲಿನ ಹರಿದ ಅಂಚು, ತಂತಿಯ ಚೂಪು ತುದಿ, ತಾಟಿನ ಒರಟು ಅಂಚು ಇದ್ದರೆ ಚಾರ್ಜ್ ಅಲ್ಲಿಂದ ನೇರ ಗಾಳಿಗೆ ಹೋಗುತ್ತದೆ. ಅಂಚುಗಳನ್ನು ಮಡಚಿ, ತುದಿಗಳನ್ನು ಸುರುಳಿ ಸುತ್ತಿ ಉರುಟು ಮಾಡಿ. ಹತ್ತಿರದಲ್ಲಿ ದೀಪ, ಮೇಣದ ಬತ್ತಿ, ಗ್ಯಾಸ್ ಒಲೆ ಉರಿಯುತ್ತಿದ್ದರೂ ಇದೇ ಆಗುತ್ತದೆ. ಜ್ವಾಲೆಯಿಂದ ಅಯಾನುಗಳು ಹೊರಬಂದು ಚಾರ್ಜನ್ನು ಅಳಿಸಿಹಾಕುತ್ತವೆ.

ಲೈಡನ್ ಜಾರಿಗೆ ಗಾಜಿನ ಬಾಟಲಿ ಒಳ್ಳೆಯದೋ, ಪ್ಲಾಸ್ಟಿಕ್ ಡಬ್ಬಿಯೋ?

1745–46ರಲ್ಲಿ ಇದನ್ನು ಮೊದಲು ಕಂಡವರ ಬಳಿ ಇದ್ದದ್ದು ಗಾಜು. ನಿಮಗೆ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೇ ಇರಲಿ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಕಾರಣ ಲೆಕ್ಕದಲ್ಲಿದೆ.

1 ಮಿ.ಮೀ. ದಪ್ಪದ ಪಾಲಿಪ್ರೊಪಿಲೀನ್ ಡಬ್ಬಿಗೆ ಒಳಗೂ ಹೊರಗೂ 200 ಚದರ ಸೆಂ.ಮೀ. ಫಾಯಿಲ್ ಅಂಟಿಸಿದರೆ ಸುಮಾರು 400 ಪಿಕೋಫ್ಯಾರಡ್ ಆಗುತ್ತದೆ. 10,000 ವೋಲ್ಟಿಗೆ ಅದರಲ್ಲಿ ಸೇರುವ ಶಕ್ತಿ 20 ಮಿಲಿಜೂಲ್. ಬೆರಳಿಗೆ ಚುರುಕ್ ಅನ್ನುತ್ತದೆ. ದೊಡ್ಡ ಗಾಜಿನ ಬಾಟಲಿ, 3 ಮಿ.ಮೀ. ದಪ್ಪ, 500 ಚದರ ಸೆಂ.ಮೀ. ಫಾಯಿಲ್ ಅಂದರೆ ಸುಮಾರು 900 ಪಿಕೋಫ್ಯಾರಡ್. ದಪ್ಪ ಗಾಜು 30,000 ವೋಲ್ಟ್ ತಡೆದರೆ ಶಕ್ತಿ 400 ಮಿಲಿಜೂಲ್, ಇಪ್ಪತ್ತು ಪಟ್ಟು. ಇದು ಆಟವಲ್ಲ. ಜಾರ್‌ಗಳನ್ನು ಒಂದಕ್ಕೊಂದು ಜೋಡಿಸುವುದೂ ಬೇಡ.

ಡಬ್ಬಿಯಲ್ಲಿ ಗೀರು, ಗುಳ್ಳೆ, ತೂತು ಇರಬಾರದು. ಕಿಡಿ ಅಲ್ಲೇ ಕೊರೆದುಕೊಂಡು ಹೋಗುತ್ತದೆ. ಫಾಯಿಲ್ ಅಂಚಿನಿಂದ ಡಬ್ಬಿಯ ಬಾಯಿಯವರೆಗೆ 4 ಸೆಂ.ಮೀ. ಖಾಲಿ ಬಿಡಿ. ಚಾರ್ಜ್ ತೆಗೆಯುವಾಗ ಪ್ಲಾಸ್ಟಿಕ್ ಹಿಡಿಕೆಗೆ ಕಟ್ಟಿದ ತಂತಿಯಿಂದ ಒಳ, ಹೊರ ಫಾಯಿಲ್ ಎರಡನ್ನೂ ಮುಟ್ಟಿಸಿ. ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಮುಟ್ಟಿಸಿ, ಒಂದಿಷ್ಟು ಚಾರ್ಜ್ ಉಳಿದುಕೊಂಡಿರುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಈ ಜಾರ್ ಮಾಡಲೇಬೇಡಿ.

ಉಜ್ಜುವುದರ ಬದಲು ಸೊಳ್ಳೆ ಬ್ಯಾಟ್ ಅಥವಾ ಹಳೆಯ ಟಿ.ವಿ.ಯಿಂದ ವೋಲ್ಟೇಜ್ ತೆಗೆಯಬಹುದೇ?

ಬೇಡ. ಯಾವ ಅವಾಹಕ ಆರಿಸಿದರೂ ಬೇಡ. ಉಜ್ಜಿದಾಗ ಸಿಗುವ ಚಾರ್ಜ್ ಅಲ್ಪ, ಒಮ್ಮೆ ಹಾರಿದರೆ ಮುಗಿಯಿತು. ಆ ಉಪಕರಣಗಳ ಒಳಗೆ ಕೆಪಾಸಿಟರ್ ಇದೆ, ಹಿಂದಿನಿಂದ ಕರೆಂಟ್ ಬರುತ್ತಲೇ ಇರುತ್ತದೆ. ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಅಂತೂ ಪ್ರಾಣ ತೆಗೆಯುತ್ತದೆ. ಗೋಡೆಯ ಸಾಕೆಟ್ಟಿಗೂ ಈ ಪ್ರಯೋಗಕ್ಕೂ ಯಾವ ತಂತಿಯೂ ಹೋಗಬಾರದು.

ಸ್ಯಾನಿಟೈಸರ್, ಸ್ಪಿರಿಟ್, ಪೆಟ್ರೋಲ್ ಇವನ್ನೂ ಕೋಣೆಯಿಂದ ಆಚೆ ಇಡಿ. ಅವುಗಳ ಆವಿ ಹೊತ್ತಿಕೊಳ್ಳಲು ಒಂದು ಮಿಲಿಜೂಲಿಗಿಂತ ಕಡಿಮೆ ಶಕ್ತಿಯ ಕಿಡಿ ಸಾಕು. ಪಿ.ವಿ.ಸಿ. ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸಬೇಡಿ, ಅದರ ಹೊಗೆ ಎದೆಗೆ ಕೆಟ್ಟದ್ದು.

ಬೀದರಿನ ಬಿದ್ರಿ ಹೂಜಿಯನ್ನು ಚಾರ್ಜ್ ಗುಂಡಾಗಿ ಬಳಸಬಹುದೇ?

ಬಿದ್ರಿ ಸತು ಮತ್ತು ತಾಮ್ರದ ಮಿಶ್ರಲೋಹ, ಮೇಲೆ ಬೆಳ್ಳಿಯ ಕೆತ್ತನೆ. ಚೆನ್ನಾಗಿ ವಾಹಕ. ಆಕಾರವೂ ಉರುಟು. ಕೆಲಸ ಮಾಡುತ್ತದೆ, ಆದರೆ ಅಷ್ಟು ಕುಸುರಿಯ ವಸ್ತುವಿನ ಮೇಲೆ ಕಿಡಿ ಹಾರಿಸಲು ನನಗೆ ಮನಸ್ಸಿಲ್ಲ. ಸ್ಟೀಲ್ ಚೊಂಬನ್ನು ಬೋರಲು ಹಾಕಿ ಥರ್ಮೋಕೋಲ್ ಮೇಲೆ ಇಡಿ, ಅಷ್ಟೇ ಚೆನ್ನಾಗಿರುತ್ತದೆ.

ಕೂದಲು ನಿಮಿರುವ ಪ್ರಯೋಗಕ್ಕೆ ಹುಡುಗನನ್ನು ಎಲ್ಲಿ ನಿಲ್ಲಿಸಬೇಕು? ನಮ್ಮದು ಶಹಾಬಾದ್ ಫರಸಿ ನೆಲ.

ಫರಸಿ ಕಲ್ಲು ತೇವ ಹಿಡಿಯುತ್ತದೆ, ಬರಿಗಾಲಿನಲ್ಲಿ ನಿಂತರೆ ಚಾರ್ಜ್ ಉಳಿಯುವುದಿಲ್ಲ. ಸಿಮೆಂಟ್ ನೆಲವೂ ಹಾಗೆಯೇ. ಗಟ್ಟಿ ಪ್ಲಾಸ್ಟಿಕ್ ಸ್ಟೂಲಿನ ಕಾಲು ತೊಳೆದು ಒಣಗಿಸಿ ಅದರ ಮೇಲೆ ನಿಲ್ಲಿಸಿ, ಯಾರಾದರೂ ದೊಡ್ಡವರು ಪಕ್ಕದಲ್ಲಿರಲಿ. ಬರೀ ಥರ್ಮೋಕೋಲ್ ಆದರೆ ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಅವನ ಬಟ್ಟೆ ಗೋಡೆಗೆ, ಮೇಜಿಗೆ ತಾಗದಿರಲಿ. ಮನುಷ್ಯನ ಮೈ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟರ್. ಕಂಬಳಿ ತುಂಡಿನಿಂದ ಅಷ್ಟನ್ನು ತುಂಬಲು ಹೊತ್ತು ಹಿಡಿಯುತ್ತದೆ, ಎಲೆಕ್ಟ್ರೋಫೋರಸ್ ತಾಟಿನಿಂದ ಮತ್ತೆ ಮತ್ತೆ ಮುಟ್ಟಿಸುತ್ತಾ ಹೋಗಿ.

ಮಾಡಿದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡುವುದು ಹೇಗೆ?

ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ, ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಡಿ. ಆ ಪೊಟ್ಟಣ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ಪಿ.ವಿ.ಸಿ., ಪಾಲಿಥೀನ್ ವರ್ಷಗಟ್ಟಲೆ ಬಿಸಿಲಿನಲ್ಲಿದ್ದರೆ ಮೈ ಒಡೆದು ಒರಟಾಗುತ್ತದೆ, ಧೂಳು ಕೂರಲು ಜಾಗ ಆಗುತ್ತದೆ. ಮಾಳಿಗೆಯ ಮೇಲೆ ಬಿಡಬೇಡಿ. ಮುಂದಿನ ವರ್ಷ ತೆಗೆದಾಗ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಒಣಗಿಸಿ, ಎಲೆಕ್ಟ್ರೋಸ್ಕೋಪಿಗೆ ಮುಟ್ಟಿಸಿ ನೋಡಿ. ಪಾಸಾಗದ ತುಂಡನ್ನು ಉಪ್ಪು ಕಾಗದದಿಂದ ಉಜ್ಜಲು ಹೋಗಬೇಡಿ, ಹತ್ತು ರೂಪಾಯಿಯ ಹೊಸ ಪೈಪ್ ತುಂಡು ತನ್ನಿ.